ಕೆರೆಗೆ ಊಟ ಹೆಚ್ಚಾದರೆ

ಮಕ್ಕಳೇ, ನಿಮ್ಮ ಊರಿನ ಕೆರೆಯ ನೀರು ಯಾವ ಬಣ್ಣದ್ದು? ಕೆಲವು ಕೆರೆಗಳಲ್ಲಿ ತಳದ ಕಲ್ಲೂ ಕಾಣುತ್ತದೆ. ಇನ್ನು ಕೆಲವು ಹಚ್ಚ ಹಸಿರು. ಈ ಹಸಿರು ಬಣ್ಣ ಬರುವುದು ಪಾಚಿಯಿಂದ.

ಗದ್ದೆಯ ಪೈರಿಗೆ ಗೊಬ್ಬರ ಬೇಕಲ್ಲವೇ? ಹಾಗೆಯೇ ಪಾಚಿಗೂ ಸಾರಜನಕ, ರಂಜಕ ಮೊದಲಾದ ಪೋಷಕಾಂಶಗಳು ಬೇಕು. ನೀರಿನಲ್ಲಿ ಇವು ಎಷ್ಟಿವೆ ಎಂಬುದನ್ನು ನೋಡಿ ವಿಜ್ಞಾನಿಗಳು ಸರೋವರಗಳನ್ನು ಅಲ್ಪಪೋಷಿತ, ಮಧ್ಯಮಪೋಷಿತ, ಸುಪೋಷಿತ, ಅತಿಪೋಷಿತ ಎಂದು ವಿಂಗಡಿಸುತ್ತಾರೆ. ಹೆಸರು ಕೇಳಿ ಮೋಸಹೋಗಬೇಡಿ. ಇವುಗಳಲ್ಲಿ ಅಲ್ಪಪೋಷಿತ ಸರೋವರದ ನೀರೇ ತಿಳಿ!

ಇದನ್ನು ತಿಳಿಯಲು ಒಂದು ಸುಲಭ ಉಪಾಯವಿದೆ. 1865ರಲ್ಲಿ ಇಟಲಿಯ ಸೆಕ್ಕಿ ಎಂಬ ವಿಜ್ಞಾನಿ ಬಿಳಿಯ ತಟ್ಟೆಯನ್ನು ಹಗ್ಗಕ್ಕೆ ಕಟ್ಟಿ ಸಮುದ್ರದಲ್ಲಿ ಇಳಿಸಿದನು. ಅದು ಎಷ್ಟು ಆಳದಲ್ಲಿ ಕಣ್ಮರೆಯಾಗುವುದೆಂದು ಅಳೆದನು. ಈಗ ಸರೋವರಗಳಲ್ಲಿ 20 ಸೆಂಟಿಮೀಟರ್ ಅಗಲದ ಕಪ್ಪು-ಬಿಳುಪು ತಟ್ಟೆಯನ್ನು ಬಳಸುತ್ತಾರೆ. ತಟ್ಟೆಯು 4 ಮೀಟರಿಗಿಂತ ಆಳದಲ್ಲೂ ಕಂಡರೆ ಅದು ಅಲ್ಪಪೋಷಿತ ಸರೋವರ. 2ರಿಂದ 4 ಮೀಟರಿನೊಳಗೆ ಮರೆಯಾದರೆ ಮಧ್ಯಮಪೋಷಿತ. ಅದಕ್ಕೂ ಮೊದಲೇ ಮರೆಯಾದರೆ ಸುಪೋಷಿತ. ಅರ್ಧ ಮೀಟರಿನಲ್ಲೇ ಕಾಣದಾದರೆ ಅತಿಪೋಷಿತ. ಮಳೆಗಾಲದಲ್ಲಿ ಮಣ್ಣು ಕದಡಿದ ಕೆರೆಗೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ. (ದೊಡ್ಡವರಿಲ್ಲದೆ ನೀವು ತಟ್ಟೆ ಹಿಡಿದು ನೀರಿಗೆ ಇಳಿಯಬಾರದು!)

ಪಾಚಿ ಹೆಚ್ಚಿದರೆ ಏನಾಗುತ್ತದೆ? ಸತ್ತ ಪಾಚಿ ತಳ ಸೇರಿ ಕೊಳೆಯುತ್ತದೆ. ಕೊಳೆಸುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಬಳಸಿಬಿಡುತ್ತವೆ. ಆಗ ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ. ಒಮ್ಮೊಮ್ಮೆ ರಾಶಿ ರಾಶಿ ಸತ್ತು ತೇಲುತ್ತವೆ.

ಪಾಚಿಯನ್ನು ಹೀಗೆ ಬೆಳೆಸುವ ಪೋಷಕಾಂಶ ಯಾವುದು? ಇದರ ಬಗ್ಗೆ ಹಿಂದೆ ದೊಡ್ಡ ವಾದವೇ ನಡೆದಿತ್ತು. ಏಕೆಂದರೆ ಬಟ್ಟೆ ಒಗೆಯುವ ಪುಡಿಯಲ್ಲಿ ಆಗ ರಂಜಕ ಬಹಳವಿತ್ತು. ಕೆನಡಾ ದೇಶದ ವಿಜ್ಞಾನಿ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು 1973ರಲ್ಲಿ ಒಂದು ಪ್ರಯೋಗ ಮಾಡಿದರು. ನಡು ಕಿರಿದಾಗಿದ್ದ ಒಂದು ಸರೋವರಕ್ಕೆ ಅಡ್ಡಲಾಗಿ ಪರದೆ ಕಟ್ಟಿ ಎರಡು ಭಾಗ ಮಾಡಿದರು. ಎರಡಕ್ಕೂ ಇಂಗಾಲ ಮತ್ತು ಸಾರಜನಕ ಬೆರೆಸಿದರು. ಒಂದಕ್ಕೆ ಮಾತ್ರ ರಂಜಕವನ್ನೂ ಸೇರಿಸಿದರು. ಆ ಬೇಸಿಗೆಯಲ್ಲೇ ರಂಜಕ ಬಿದ್ದ ಭಾಗವು ಹಸಿರು ಗಂಜಿಯಂತಾಯಿತು. ಪರದೆಯ ಆಚೆಯ ನೀರು ತಿಳಿಯಾಗಿಯೇ ಉಳಿಯಿತು.

ಆಕಾಶದಿಂದ ತೆಗೆದ ಆ ಸರೋವರದ ಚಿತ್ರ ಬಹಳ ಪ್ರಸಿದ್ಧವಾಯಿತು. ಮುಂದೆ ಅಮೆರಿಕದ ಹಲವು ರಾಜ್ಯಗಳು ಒಗೆಯುವ ಪುಡಿಗೆ ರಂಜಕ ಬೆರೆಸುವುದಕ್ಕೆ ಮಿತಿ ಹಾಕಿದವು.