ಕರಾಚಿಯ ಒಂಟೆ, ರಾಜಾಜಿನಗರದ ಸೋಪು

ಮೈಸೂರು ಸ್ಯಾಂಡಲ್ ಸೋಪಿನ ಪ್ರಚಾರಕ್ಕೆ ಕರಾಚಿಯಲ್ಲಿ ಒಂಟೆಗಳ ಮೆರವಣಿಗೆ ಮಾಡಿದ್ದರಂತೆ. ಕಾರ್ಖಾನೆಯ ಹಳೆಯ ಕಥೆ ಓದುತ್ತಿದ್ದಾಗ ಈ ಒಂದು ಸಾಲು ಸಿಕ್ಕಿತು. ಅದರ ಹಿಂದೆ ಮುಂದೆ ಇದ್ದದ್ದೆಲ್ಲ ಯಂತ್ರ, ಬಂಡವಾಳ, ಉತ್ಪಾದನೆಯ ಲೆಕ್ಕ. ಅದನ್ನೆಲ್ಲ ದಾಟಿ ನಾನು ಒಂಟೆಗಳ ಜೊತೆಗೇ ಉಳಿದುಬಿಟ್ಟೆ. ಮಲೆನಾಡಿನ ಅಂಚಿನ ಕಾಡಿನಲ್ಲಿ ಬೆಳೆದ ಮರದ ಪರಿಮಳ, ಸಮುದ್ರದ ಪಕ್ಕದ ಮರಳೂರಿನಲ್ಲಿ ಒಂಟೆಯ ಬೆನ್ನೇರಿ ಹೊರಟಿತ್ತು. ರಾಜಾಜಿನಗರದಲ್ಲಿ ಹುಟ್ಟಿ ಬೆಳೆದ ನನಗೆ ಆ ಸೋಪು ನಮ್ಮ ಬಡಾವಣೆಯದ್ದೇ ಅನ್ನಿಸುತ್ತಿತ್ತು. ಅದು ಅಷ್ಟು ದೂರ ಓಡಾಡಿ ಬಂದದ್ದು ಎಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಒಂಟೆಯಷ್ಟೇ ಅಲ್ಲ. ಟ್ರಾಮ್ ಟಿಕೆಟ್ಟಿನ ಮೇಲೂ ಬೆಂಕಿಪೊಟ್ಟಣದ ಮೇಲೂ ಸೋಪಿನ ಚಿತ್ರ ಅಚ್ಚಾಗಿತ್ತು. ಬೆಂಕಿಪೊಟ್ಟಣ ಆರಿಸಿದವರ ಜಾಣ್ಮೆಗೆ ನಾನು ಮಾರುಹೋಗಿದ್ದೇನೆ. ಟಿಕೆಟ್ಟು ಇಳಿಯುವ ನಿಲ್ದಾಣದವರೆಗೆ. ಬೆಂಕಿಪೊಟ್ಟಣ ಕಡ್ಡಿ ಮುಗಿಯುವವರೆಗೆ ಒಲೆಯ ಪಕ್ಕದಲ್ಲೇ ಇರುತ್ತದೆ. ಮನೆಗೆ ಯಾವ ಸೋಪು ಬರಬೇಕೆಂದು ಹೇಳುವ ಹೆಂಗಸಿನ ಕೈಗೆ ದಿನಕ್ಕೆ ನಾಲ್ಕು ಸಲ ಸಿಗುತ್ತದೆ.

ಈ ಸೋಪಿನ ಹಿಂದಿದ್ದದ್ದು ಒಂದು ಸಂಕಟ. ಮೊದಲ ಮಹಾಯುದ್ಧ ಶುರುವಾದಾಗ ಮೈಸೂರಿನ ಶ್ರೀಗಂಧ ಯುರೋಪಿಗೆ ಹೋಗುವುದು ನಿಂತಿತು. ಅಲ್ಲಿಯವರೆಗೆ ನಾವು ಕಳಿಸುತ್ತಿದ್ದದ್ದು ಬರೀ ಮರ; ಎಣ್ಣೆ ತೆಗೆಯುವ ವಿದ್ಯೆ ಅವರದ್ದಾಗಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲ. ಆಲ್ಫ್ರೆಡ್ ಚಾಟರ್ಟನ್ ಮುಂದಾಳತ್ವ ವಹಿಸಿದರು, ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ಸಡ್‌ಬರೋ ಮತ್ತು ವಾಟ್ಸನ್ ಭಟ್ಟಿ ಇಳಿಸುವ ಬಗೆ ಕಂಡುಕೊಂಡರು, 1916ರಲ್ಲಿ ಎಣ್ಣೆ ಬಂತು. ವಿದೇಶದಿಂದ ಬಂದ ಅತಿಥಿಗಳು ನಮ್ಮದೇ ಗಂಧದೆಣ್ಣೆಯ ಸೋಪನ್ನು ಮಹಾರಾಜರಿಗೆ ಉಡುಗೊರೆ ಕೊಟ್ಟರಂತೆ. ಅಲ್ಲಿಂದ 1918ರ ಸೋಪಿನ ಯೋಚನೆ. ಅದನ್ನು ಕೈಗೂಡಿಸಿದವರು ಇಂಗ್ಲೆಂಡಿನಲ್ಲಿ ಕಲಿತು ಬಂದ ಸೋಸಲೆ ಗರಳಪುರಿ ಶಾಸ್ತ್ರಿಗಳು, ಜನರ ಬಾಯಲ್ಲಿ ‘ಸೋಪ್ ಶಾಸ್ತ್ರಿ’. ಮೊಟ್ಟೆಯಾಕಾರದ ಬಿಲ್ಲೆ, ಒಡವೆ ಪೆಟ್ಟಿಗೆಯಂಥ ಡಬ್ಬಿ, ಆನೆಯ ತಲೆ ಸಿಂಹದ ಮೈಯ ಶರಭದ ಗುರುತು. ಬಲವೂ ವಿವೇಕವೂ ಒಟ್ಟಿಗಿರಲೆಂದು ಶರಭವಂತೆ.

ಕಾರ್ಖಾನೆ ನಮ್ಮ ಕಡೆಗೆ, ರಾಜಾಜಿನಗರದ ಕೈಗಾರಿಕಾ ಉಪನಗರಕ್ಕೆ, ಬಂದದ್ದು 1957ರಲ್ಲಿ. ನನ್ನ ಬಾಲ್ಯದಲ್ಲಿ ಯಶವಂತಪುರದ ಕಡೆ ಬಸ್ಸಿನಲ್ಲಿ ಹೋಗುವಾಗ ಕಣ್ಣು ಮುಚ್ಚಿದ್ದರೂ ಎಲ್ಲಿದ್ದೇವೆಂದು ತಿಳಿಯುತ್ತಿತ್ತು. ‘ಸೋಪ್ ಫ್ಯಾಕ್ಟ್ರಿ ಬಂತು, ಏಳು’ ಎಂದು ಅಮ್ಮ ಎಬ್ಬಿಸುವ ಮೊದಲೇ ಮೂಗು ಎಬ್ಬಿಸುತ್ತಿತ್ತು. ತಿಂಗಳ ಸಾಮಾನಿನ ಚೀಟಿಯಲ್ಲಿ ಸೋಪು ಕೊನೆಯ ಸಾಲು. ಶೆಟ್ಟರು ಡಬ್ಬಿಯನ್ನು ಕೊಡುವ ಮುಂಚೆ ಅಮ್ಮ ಕೈ ಚಾಚಿ ತೆಗೆದುಕೊಂಡು ಮೂಸುತ್ತಿದ್ದಳು. ಆಮೇಲೆ ಲೆಕ್ಕ. ಖಾಲಿ ಡಬ್ಬಿ ಬೀರುವಿಗೆ, ರೇಷ್ಮೆ ಸೀರೆಗಳ ನಡುವೆ. ಮದುವೆಗೆ ಹೊರಟ ಹೆಂಗಸರ ಸೆರಗಿನಿಂದ ಬರುತ್ತಿದ್ದ ಆ ಗಂಧಕ್ಕಿಂತ ದೊಡ್ಡ ಜಾಹೀರಾತು ಬೇಕಿರಲಿಲ್ಲ.

1980ರಲ್ಲಿ ಅದು ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಎಂಬ ಕಂಪನಿಯಾಯಿತು. 2006ರಲ್ಲಿ ಮಹೇಂದ್ರ ಸಿಂಗ್ ಧೋನಿ ಮೊದಲ ರಾಯಭಾರಿಯಾದರು. ರಾಂಚಿಯ ಹುಡುಗ ನಮ್ಮ ಸೋಪಿಗೇಕೆ ಎಂದು ನಮ್ಮ ಬೀದಿಯಲ್ಲಿ ಯಾರೂ ಕೇಳಿದ್ದು ನನಗೆ ನೆನಪಿಲ್ಲ. ಕೇಳಬೇಕೆಂದರೂ ಎಲ್ಲಿ ಕೇಳುವುದು? ಆಗ ಇದ್ದದ್ದು ಆರ್ಕುಟ್. ಸೈಬರ್ ಕೆಫೆಯಲ್ಲಿ ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಟ್ಟು, ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿ, ಗೆಳೆಯರ ಪುಟದಲ್ಲಿ ಊಟ ಆಯ್ತಾ ಎಂದು ಬರೆದು ಎದ್ದು ಬರುತ್ತಿದ್ದೆವು. ಅಲ್ಲಿ ಸಿನಿಮಾ ಇತ್ತು, ಕ್ರಿಕೆಟ್ ಇತ್ತು, ಊರಿತ್ತು. ಸೋಪು, ಹಾಲು, ಮೊಸರು ಮಾತಿನ ವಸ್ತುವಾಗಿರಲಿಲ್ಲ, ಅವು ಅಂಗಡಿಯಲ್ಲಿದ್ದವು.

2014 ನನಗೆ ಎರಡು ಕಾರಣಕ್ಕೆ ನೆನಪು. ಮಾರ್ಚ್ 1ರಂದು ಹಸಿರು ಮಾರ್ಗದ ಮೊದಲ ಮೆಟ್ರೋ ಓಡಿತು, ನಮ್ಮ ಕಡೆಯ ಒಂದು ನಿಲ್ದಾಣಕ್ಕೆ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಎಂದೇ ಹೆಸರು ಬಿತ್ತು. ಸೆಪ್ಟೆಂಬರ್ 30ಕ್ಕೆ ಆರ್ಕುಟ್ ಬಾಗಿಲು ಹಾಕಿತು. ಅಷ್ಟು ಹೊತ್ತಿಗೆ ಎಲ್ಲರ ಕೈಯಲ್ಲೂ ಫೋನು, ಫೋನಿನಲ್ಲಿ ಕನ್ನಡ ಅಕ್ಷರ. 2020ರಲ್ಲಿ ಫ್ಲಿಪ್‌ಕಾರ್ಟ್ ಮತ್ತು ಅಮೆಜಾನ್ ಕೆಲವೇ ತಿಂಗಳ ಅಂತರದಲ್ಲಿ ಕನ್ನಡಕ್ಕೆ ಬಂದವು. ಅದೇ ವರ್ಷದ ಆರಂಭದಲ್ಲಿ ಬೆಂಗಳೂರಿನ ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದವಟ್ಕಾ ‘ಕೂ’ ಎಂಬ ಜಾಲತಾಣದ ಹಳದಿ ಹಕ್ಕಿಯನ್ನು ಹಾರಿಬಿಟ್ಟರು. ಅದು ಮೊದಲು ಕೂಗಿದ್ದು ಕನ್ನಡದಲ್ಲಿ. ಆಮೇಲಷ್ಟೇ ಉಳಿದ ಭಾಷೆಗಳು. ನಾನು ಅದರಲ್ಲಿ ಖಾತೆ ತೆರೆದ ದಿನ ಪಟ್ಟ ಸಂತೋಷ ದೊಡ್ಡದು.

ಕೊಳ್ಳುವವರು ಮಾತಾಡಲು ತೊಡಗಿದ್ದು ಹೀಗೆ. ಮೊದಲ ಸಲ ಅದರ ಬಲ ಕಂಡದ್ದು ಹಾಲಿನ ವಿಷಯದಲ್ಲಿ. 2023ರ ಏಪ್ರಿಲ್ 5ರಂದು ಅಮುಲ್ ಒಂದು ಟ್ವೀಟ್ ಮಾಡಿ, ಬೆಂಗಳೂರಿಗೆ ಹಾಲು ಮೊಸರು ತರುತ್ತೇವೆ ಎಂದಿತು. ಬೂತು ಹಾಕುವ ಮಾತಲ್ಲ. ಫೋನಿನಲ್ಲಿ ಒತ್ತಿದರೆ ಮನೆಗೆ. ನಂದಿನಿ ಉಳಿಸಿ ಎಂಬ ಕೂಗು ಗಂಟೆಗಳಲ್ಲಿ ರಾಜ್ಯ ತುಂಬಿತು. ಹೋಟೆಲಿನವರ ಸಂಘ ನಾವು ನಂದಿನಿಯನ್ನೇ ಬಳಸುತ್ತೇವೆ ಎಂದಿತು. ಬೆಳಗ್ಗೆ ಐದಕ್ಕೆ ಬೂತಿನ ಮುಂದೆ ಸಾಲು ನಿಲ್ಲುತ್ತಿದ್ದ ಜನ, ಅದೇ ಪೊಟ್ಟಣ ಹಿಡಿದು ಫೋಟೋ ತೆಗೆದು ಹಾಕಿದರು. ಮರುವರ್ಷದ ಟಿ20 ವಿಶ್ವಕಪ್‌ನಲ್ಲಿ ಸ್ಕಾಟ್ಲೆಂಡ್ ಆಟಗಾರರ ಅಂಗಿಯ ಮೇಲೆ ಕನ್ನಡದಲ್ಲೇ ‘ನಂದಿನಿ’ ಎಂದಿತ್ತು. ಆ ಚಿತ್ರ ನನ್ನ ಫೋನಿಗೆ ಹನ್ನೊಂದು ಜನ ಕಳಿಸಿದರು. ಕರಾಚಿಯ ಒಂಟೆಯ ವಂಶ ಇನ್ನೂ ಇದೆ ಅನ್ನಿಸಿತು.

ಇನ್ನು 2025ರ ಮೇ ತಿಂಗಳಿನ ಜಗಳ. ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷ ಎರಡು ದಿನಕ್ಕೆ, 6.2 ಕೋಟಿ ರೂಪಾಯಿಗೆ ಸೋಪಿನ ರಾಯಭಾರಿ ಮಾಡಿದ ಆದೇಶ ಹೊರಬಿತ್ತು. ಕನ್ನಡದ ನಟಿಯರು ಸಿಗಲಿಲ್ಲವೇ ಎಂದು ಎಕ್ಸ್‌ನಲ್ಲಿ, ಇನ್‌ಸ್ಟಾಗ್ರಾಮಿನಲ್ಲಿ, ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗುಂಪಿನಲ್ಲಿ ಒಂದೇ ಪ್ರಶ್ನೆ. ಮೈಸೂರಿನ ಸಂಸದ ಯದುವೀರ್ ಒಡೆಯರ್ ಆಕ್ಷೇಪಿಸಿದರು. ಪ್ರತಿಯೊಬ್ಬ ಕನ್ನಡಿಗನೂ ಈ ಸೋಪಿನ ರಾಯಭಾರಿಯೇ ಎಂಬರ್ಥದಲ್ಲಿ ನಟಿ ರಮ್ಯಾ ಬರೆದರು. ಸಚಿವ ಎಂ.ಬಿ. ಪಾಟೀಲರು ಎಕ್ಸ್‌ನಲ್ಲೇ ಉತ್ತರ ಕೊಟ್ಟರು: ಕರ್ನಾಟಕದ ಆಚೆಯ ಮಾರುಕಟ್ಟೆ ಹಿಡಿಯಬೇಕು, ವಹಿವಾಟು 5,000 ಕೋಟಿಗೆ ಏರಬೇಕು, ನಟಿಗೆ ಜಾಲತಾಣಗಳಲ್ಲಿ 2.8 ಕೋಟಿ ಹಿಂಬಾಲಕರಿದ್ದಾರೆ. ಈ ಜಗಳಕ್ಕೆ ನಮ್ಮದೇ ಹಕ್ಕಿ ಇರಲಿಲ್ಲ. ‘ಕೂ’ 2024ರ ಜುಲೈನಲ್ಲೇ ಮುಚ್ಚಿಹೋಗಿತ್ತು. ಕನ್ನಡದ ಸೋಪಿಗಾಗಿ ಕನ್ನಡಿಗರು ಆಡಿದ ಮಾತಿಗೆ ಅಮೆರಿಕದವರ ಜಗಲಿಯೇ ಗತಿಯಾಯಿತು. ನನ್ನನ್ನು ಇಂದಿಗೂ ನೋಯಿಸುವುದು ಅದು.

ನಾನು ಆ ಜಗಳದಲ್ಲಿ ಯಾವ ಕಡೆ ಎಂದು ಮಗಳು ಕೇಳಿದಳು. ನಮ್ಮ ಕಲಾವಿದರಿಗೆ ನಮ್ಮ ಸರ್ಕಾರದ ಕಂಪನಿಯಲ್ಲಿ ಜಾಗ ಬೇಕೆನ್ನುವುದು ನ್ಯಾಯವೇ. ಆದರೆ ನನ್ನ ತಕರಾರು ನಟಿ ಎಲ್ಲಿಯವರು ಎಂಬುದಲ್ಲ. ಕರಾಚಿಯಲ್ಲಿ ಒಂಟೆಯ ಹಗ್ಗ ಹಿಡಿದವನೂ ಕನ್ನಡಿಗನಾಗಿರಲಾರ. ಹಿಂಬಾಲಕರ ಎಣಿಕೆ ಅಳತೆಗೋಲಾದದ್ದು ನನಗೆ ಒಪ್ಪದು. ಅಂದು ಒಂಟೆಯನ್ನು ನೋಡಲು ಹೊರಬಂದವನು ಬೀದಿಯಲ್ಲಿ ನಿಂತು ಡಬ್ಬಿಯನ್ನು ಕೈಯಲ್ಲಿ ಹಿಡಿಯಬಹುದಿತ್ತು. ಪರದೆಯ ಮೇಲೆ ಬೆರಳಾಡಿಸುವವನಿಗೆ ಮುಖ ಸಿಗುತ್ತದೆ, ಬಣ್ಣ ಸಿಗುತ್ತದೆ, ಬೆಲೆ ಸಿಗುತ್ತದೆ. ಗಂಧ ಸಿಗುವುದಿಲ್ಲ.

ಗಂಧ ಸಿಗದ ಕಡೆ ಮೋಸ ಸುಲಭ. 2024ರ ಜನವರಿಯಲ್ಲಿ ಹೈದರಾಬಾದಿನ ಮಲಕ್‌ಪೇಟೆಯಲ್ಲಿ ನಕಲಿ ಮೈಸೂರು ಸ್ಯಾಂಡಲ್ ತಯಾರಾಗುತ್ತಿದ್ದ ಜಾಗ ಸಿಕ್ಕಿಬಿತ್ತು. ಕಂಪನಿಯ ನೌಕರರೇ ಕೊಳ್ಳುವವರ ವೇಷದಲ್ಲಿ ಹೋಗಿ ಪತ್ತೆ ಮಾಡಿದ್ದು. ಸುಮಾರು ಎರಡು ಕೋಟಿ ರೂಪಾಯಿಯ ಮಾಲು. ಡಬ್ಬಿ ಅದೇ, ಬಣ್ಣ ಅದೇ. ಅಂಥ ಡಬ್ಬಿಯ ಚಿತ್ರ ಪರದೆಯಲ್ಲಿ ಕಂಡರೆ ಅಸಲಿ ನಕಲಿ ಎಂದು ಹೇಳುವವರು ಯಾರು?

ಶೆಟ್ಟರ ಅಂಗಡಿ ಈಗ ಮೊಬೈಲ್ ರಿಪೇರಿ ಅಂಗಡಿ. ಮಗಳು ಸೋಪನ್ನು ಫೋನಿನಲ್ಲೇ ತರಿಸುತ್ತಾಳೆ, ಕುಕ್ಕರು ಮೂರು ಸಲ ಕೂಗುವುದರೊಳಗೆ ಹುಡುಗ ಬಾಗಿಲಲ್ಲಿರುತ್ತಾನೆ. ಕಾರ್ಖಾನೆಯಿಂದ ನಮ್ಮ ಮನೆಗೆ ನಡೆದೇ ಬರಬಹುದು. ಸೋಪು ಎಲ್ಲೆಲ್ಲೋ ಗೋದಾಮು ಸುತ್ತಿ ಬರುತ್ತದೆ. ಕಳೆದ ವಾರವೂ ಬಂತು. ಎಂಬತ್ತು ದಾಟಿದ ಅಮ್ಮ ಬಾಗಿಲ ಬಳಿಯ ಕುರ್ಚಿಯಲ್ಲಿದ್ದಳು. ಹುಡುಗ ಚೀಲ ಚಾಚಿದ. ಅವಳು ಡಬ್ಬಿ ಹೊರತೆಗೆದು, ಎರಡೂ ಕೈಯಲ್ಲಿ ಹಿಡಿದು ಮೂಸಿದಳು. ಆ ಹುಡುಗನಿಗೆ ಇನ್ನೊಂದು ಮನೆಯ ಅವಸರ. ಆದರೂ ನಿಂತ.

‘ಸರಿಯಿದೆ ಕಣಪ್ಪ, ಹೋಗು’ ಅಂದಳು.