ಬಂದೂಕಿಗೆ ಕಟ್ಟಿದ ಬೆಳಕು

1926ರ ಮೇ ತಿಂಗಳ ಆರಂಭದ ಒಂದು ರಾತ್ರಿ. ಗಢವಾಲದ ಗುಲಾಬ್‌ರಾಯ್ ಎಂಬಲ್ಲಿ, ಯಾತ್ರಿಕರ ದಾರಿಯ ಪಕ್ಕದ ಮಾವಿನ ಮರದಲ್ಲಿ ಜಿಮ್ ಕಾರ್ಬೆಟ್ ಕೂತಿದ್ದರು. ಸರಕಾರದ ಲೆಕ್ಕದಲ್ಲೇ 125 ಜನರನ್ನು ಕೊಂದಿದ್ದ ರುದ್ರಪ್ರಯಾಗದ ಚಿರತೆ ಕೆಳಗೆ ಕಟ್ಟಿದ್ದ ಆಡಿನ ಮೇಲೆ ಎರಗಿತು. ಕಾರ್ಬೆಟ್ ಬಂದೂಕಿಗೆ ಜೋಡಿಸಿದ್ದ ಟಾರ್ಚಿನ ಗುಂಡಿ ಒತ್ತಿದರು. ಅದು ಒಮ್ಮೆ ಮಂಕಾಗಿ ಮಿನುಗಿ ಆರಿಹೋಯಿತು. ಆ ಮಿನುಗಿನಲ್ಲೇ ಗುರಿ ಕೂಡಿ ಗುಂಡು ಹಾರಿತ್ತು. ಆದರೆ ತಗುಲಿತೋ ಇಲ್ಲವೋ ತಿಳಿಯಲು ಅವರು ಬೆಳಗಾಗುವ ತನಕ ಕತ್ತಲಲ್ಲೇ ಕಾಯಬೇಕಾಯಿತು. ಟಾರ್ಚುಗಳು ಆಗಿನ್ನೂ ಹೊಸವು. ತಿಂಗಳುಗಟ್ಟಲೆ ಹೊತ್ತು ತಿರುಗಿದರೂ ಸೆಲ್ಲಿನ ಆಯಸ್ಸು ಎಷ್ಟು, ಅದನ್ನು ನಡುನಡುವೆ ಪರೀಕ್ಷಿಸಬೇಕು ಎಂಬುದು ತನಗೆ ಗೊತ್ತಿರಲಿಲ್ಲ ಎಂದು ಅವರೇ ಬರೆದಿದ್ದಾರೆ. ಅದೇ ಬೇಟೆಯಲ್ಲಿ ಇನ್ನೊಂದು ರಾತ್ರಿ ಅವರ ಗೆಳೆಯ ಇಬ್ಬಟ್‌ಸನ್ ಹಿಡಿದಿದ್ದ ಪೆಟ್ರೋಮ್ಯಾಕ್ಸ್ ಬಂಡೆಗೆ ತಾಗಿ ಮ್ಯಾಂಟಲ್ ಉದುರಿತ್ತು. ಅಂಥ ನಿಪುಣ ಬೇಟೆಗಾರರನ್ನೂ ದೀಪವೇ ಎರಡು ಸಲ ಇಕ್ಕಟ್ಟಿಗೆ ಸಿಕ್ಕಿಸಿತು.

ಕನ್ನಡದ ಓದುಗರಿಗೆ ಬಂದೂಕಿನ ಈ ದೀಪದ ಪರಿಚಯ ಹೆಚ್ಚಾಗಿ ಆದದ್ದು ಬೆಂಗಳೂರಿನ ಕೆನೆತ್ ಆಂಡರ್ಸನ್ ಮೂಲಕ, ಅಂದರೆ ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕಥೆಗಳು’ ಮೂಲಕ. ಆಂಡರ್ಸನ್ (1910–1974) ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. .405 ವಿಂಚೆಸ್ಟರ್ ಅವರ ಮೆಚ್ಚಿನ ಬಂದೂಕು. ಅವರ ಕಥೆಗಳಲ್ಲಿ ಅಟ್ಟಣೆ, ಕಾಯುವಿಕೆ, ಕಾಡಿನ ಸದ್ದುಗಳು, ಆಮೇಲೆ ಥಟ್ಟನೆ ಹೊತ್ತುವ ಟಾರ್ಚು, ಇವು ಮತ್ತೆ ಮತ್ತೆ ಬರುತ್ತವೆ. ಓದುವಾಗ ನಾವು ಹುಲಿಯನ್ನೇ ನೋಡುತ್ತೇವೆ. ಆ ಟಾರ್ಚು ಅಲ್ಲಿ ನೆಟ್ಟಗೆ ಕೂತದ್ದು ಹೇಗೆ ಎಂದು ಕೇಳುವುದಿಲ್ಲ. ಆ ಕೂರಿಸುವಿಕೆಯಲ್ಲಿ ಒಂದು ಸೊಗಸಾದ ಕಸುಬಿದೆ.

ಮೊದಲ ಪ್ರಶ್ನೆ ಜಾಗದ್ದು. ಟಾರ್ಚನ್ನು ನಳಿಗೆಯ ಮೇಲೆ ಕಟ್ಟಿದರೆ ಗುರಿ ನೋಡುವ ದಾರಿಗೇ ಅಡ್ಡ. ಆದ್ದರಿಂದ ಪಕ್ಕಕ್ಕೆ ಇಲ್ಲವೇ ಕೆಳಗೆ ಕಟ್ಟುತ್ತಿದ್ದರು. ಬೆಳಕಿನ ಅಂಚು ನಳಿಗೆಯ ಬೆನ್ನಿಗೆ ಬಿದ್ದರೆ ಆ ಹೊಳಪು ಹೊಡೆಯುವವನ ಕಣ್ಣನ್ನೇ ಕುಕ್ಕುತ್ತದೆ. ನಳಿಗೆಯ ತುದಿಯಲ್ಲಿರುವ ಗುರಿ ಹಿಡಿಯುವ ಮಣಿ ಮಾತ್ರ ತುಸು ಮಿನುಗಬೇಕು, ಇಲ್ಲವೇ ಬೆಳಗಿದ ಪ್ರಾಣಿಯ ಮೈ ಮೇಲೆ ಕಪ್ಪಗೆ ಮೂಡಬೇಕು. ಎರಡೂ ನಡೆಯುತ್ತವೆ. ಎರಡೂ ಅಲ್ಲದ ನಡುವಿನ ಸ್ಥಿತಿಯಲ್ಲಿ ಪ್ರಾಣಿ ಕಾಣುತ್ತದೆ, ಮಣಿ ಕಾಣುವುದಿಲ್ಲ.

ಎರಡನೆಯದು ಹಿಡಿಕೆ. ಸ್ಪ್ರಿಂಗಿನಂಥ ಉಕ್ಕಿನ ಪಟ್ಟಿ, ಒಳಗೆ ಸೈಕಲ್ ಟ್ಯೂಬಿನ ತುಂಡು ಅಥವಾ ಉಣ್ಣೆ ಬಟ್ಟೆಯ ಹಾಸು. ಬಿಗಿಯಾಗಿ ಹಿಡಿಯಬೇಕು, ಆದರೆ ನಳಿಗೆಯನ್ನು ಹಿಸುಕಬಾರದು. ಗುಂಡು ಹಾರುವಾಗ ನಳಿಗೆ ಕಂಪಿಸುತ್ತದೆ; ಅದಕ್ಕೆ ಭಾರ ನೇತುಹಾಕಿದರೆ, ಒತ್ತಿ ಕಟ್ಟಿದರೆ ಆ ಕಂಪನ ಬದಲಾಗಿ ಗುಂಡು ಬೀಳುವ ಜಾಗವೂ ಬದಲಾಗುತ್ತದೆ. ಹಗಲಲ್ಲಿ ಬರಿಯ ಬಂದೂಕಿನಿಂದ ಗುರಿ ಸರಿಮಾಡಿಕೊಂಡು ರಾತ್ರಿ ಟಾರ್ಚು ಬಿಗಿದು ಹೊರಟರೆ ಕೈಯಲ್ಲಿರುವುದು ಬೇರೆಯದೇ ಬಂದೂಕು. ಟಾರ್ಚು ಕಟ್ಟಿಯೇ ಗುರಿ ಪರೀಕ್ಷಿಸಬೇಕು. ಹಗುರವಾದ ರೈಫಲ್ಲಿನಲ್ಲಿ ಈ ವ್ಯತ್ಯಾಸ ಹೆಚ್ಚು. ಭಾರದ ಜೋಡುನಳಿಗೆಯಲ್ಲಿ ಮರದ ಹಿಡಿಕೆಗೆ ಕಟ್ಟಿದರೆ ಅಷ್ಟು ತೊಂದರೆಯಿಲ್ಲ.

ಬೆಳಕನ್ನೂ ನಳಿಗೆಯನ್ನೂ ಹೊಂದಿಸುವುದು ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಮುಸ್ಸಂಜೆಯಲ್ಲಿ, ತೋಟಾ ತೆಗೆದು ಎರಡು ಸಲ ಖಾತ್ರಿ ಮಾಡಿಕೊಂಡ ಬಂದೂಕನ್ನು ಮರಳಿನ ಚೀಲದ ಮೇಲೆ ಅಲುಗದಂತೆ ಇಟ್ಟು, ಮೂವತ್ತು ಹೆಜ್ಜೆ ದೂರದ ಮಣ್ಣಿನ ಗೋಡೆಯ ಮೇಲಿನ ಸುಣ್ಣದ ಗುರುತಿಗೆ ಗುರಿ ಹಿಡಿಯುತ್ತಾರೆ. ಟಾರ್ಚು ಹೊತ್ತಿಸಿ, ಹಾಸಿನ ಕೆಳಗೆ ರಟ್ಟಿನ ತುಂಡು ತುರುಕುತ್ತ ಬೆಳಕಿನ ನಡುಬಿಂದುವನ್ನು ಗುರುತಿನ ಹತ್ತಿರ ತರುತ್ತಾರೆ. ಹೊಸಬರು ಬೆಳಕನ್ನು ಗುರುತಿನ ಮೇಲೇ ಕೂರಿಸಿ ಮುಗಿಯಿತು ಎನ್ನುತ್ತಾರೆ. ಆದರೆ ಟಾರ್ಚು ನಳಿಗೆಗಿಂತ ಎರಡು ಬೆರಳು ಕೆಳಗಿದೆ. ಮೂವತ್ತು ಹೆಜ್ಜೆಯಲ್ಲಿ ಎರಡು ಗೆರೆ ಕೂಡುವಂತೆ ಓರೆ ಮಾಡಿದರೆ ಅದರಾಚೆ ಬೆಳಕು ಮೇಲಕ್ಕೆ ಓಡುತ್ತದೆ. ಬೆಳಕಿನ ನಡು ಗುರುತಿಗಿಂತ ಎರಡು ಬೆರಳು ಕೆಳಗೇ ಬೀಳುವಂತೆ, ಅಂದರೆ ಎರಡೂ ಗೆರೆ ಸಮಾನಾಂತರವಾಗಿ ಸಾಗುವಂತೆ ಇಟ್ಟರೆ ಹತ್ತು ಹೆಜ್ಜೆಯಲ್ಲೂ ಐವತ್ತು ಹೆಜ್ಜೆಯಲ್ಲೂ ಅಂತರ ಅಷ್ಟೇ. ಇದನ್ನು ಕಂಡುಕೊಂಡವರು ರೇಖಾಗಣಿತ ಓದಿದವರೇ ಆಗಿರಬೇಕಿಲ್ಲ. ಗೋಡೆಯ ಮುಂದೆ ಸಾಕಷ್ಟು ಸಂಜೆ ಕಳೆದವರಿಗೆ ಇದು ತಾನಾಗಿ ತಿಳಿಯುತ್ತದೆ.

ಇನ್ನು ಕೆಡುವ ವಿಚಾರ. ಗುಂಡು ಹಾರಿದ ಗಳಿಗೆಯಲ್ಲೇ ಬೆಳಕು ಆರುವುದು ಹಳೆಯ ದೂರು. ಬಂದೂಕು ಹಿಂದಕ್ಕೆ ಒದೆಯುತ್ತದೆ. ಒಳಗಿನ ಸೆಲ್ಲುಗಳು ಇದ್ದಲ್ಲೇ ಇರಲು ನೋಡಿ ಟಾರ್ಚಿನ ಮುಂಭಾಗಕ್ಕೆ ಗುದ್ದುತ್ತವೆ. ಬಲ್ಬಿನ ಬುಡಕ್ಕೆ ಪೆಟ್ಟು, ಹಿಂದಿನ ಸ್ಪ್ರಿಂಗಿಗೆ ಸಡಿಲ, ಸಂಪರ್ಕ ಕ್ಷಣಕಾಲ ಕಡಿತ. ಕಾದು ಬೆಳ್ಳಗಾದ ಟಂಗ್‌ಸ್ಟನ್ ತಂತಿಯಂತೂ ಆ ಹೊಡೆತಕ್ಕೆ ತುಂಡಾಗಲು ಕಾದೇ ಇರುತ್ತದೆ. ಸ್ಪ್ರಿಂಗನ್ನು ಎಳೆದು ಬಿರುಸು ಮಾಡುವುದು, ಸೆಲ್ಲಿನ ಸುತ್ತ ಕಾಗದ ಸುತ್ತಿ ಅಲುಗಾಟ ನಿಲ್ಲಿಸುವುದು, ಬಿಡಿ ಬಲ್ಬೊಂದನ್ನು ಜೇಬಿನಲ್ಲಿ ಇಟ್ಟುಕೊಳ್ಳುವುದು ಇದಕ್ಕೆ ಉಪಾಯ. ಈಗಿನ ಎಲ್‌ಇಡಿಗೆ ತಂತಿಯೇ ಇಲ್ಲ, ಆದರೆ ಸ್ಪ್ರಿಂಗಿನ ಕಾಯಿಲೆ ಅದಕ್ಕೂ ಇದೆ.

ಬೆಳಕು ಮಂಕಾದರೆ ಎಲ್ಲರೂ ಸೆಲ್ಲನ್ನೇ ಬಯ್ಯುತ್ತಾರೆ. ಎಷ್ಟೋ ಸಲ ತಪ್ಪು ಹಸಿರುಗಟ್ಟಿದ ಹಿತ್ತಾಳೆಯದು; ಬಟ್ಟೆಯಿಂದ ಉಜ್ಜಿದರೆ ಸಾಕು. ಸೆಲ್ಲೇ ಕಾರಣವಾದರೆ ಅದರಲ್ಲೊಂದು ಮೋಸವಿದೆ. ಹಳೆಯ ಬಗೆಯ 1.5 ವೋಲ್ಟಿನ ಸೆಲ್ಲು ಬಳಲಿದರೂ ಸ್ವಲ್ಪ ಹೊತ್ತು ಬಿಟ್ಟರೆ ಚೇತರಿಸಿಕೊಳ್ಳುತ್ತದೆ. ಸಂಜೆ ಒಮ್ಮೆ ಒತ್ತಿ ನೋಡಿದಾಗ ಬಿಳಿ ಬೆಳಕು, ನಡುರಾತ್ರಿ ಬೇಕಾದಾಗ ಎರಡೇ ನಿಮಿಷಕ್ಕೆ ಹಳದಿ. ಆದ್ದರಿಂದ ಪರೀಕ್ಷೆ ಎಂದರೆ ಒತ್ತಿ ಬಿಡುವುದಲ್ಲ, ಕೆಲವು ನಿಮಿಷ ಉರಿಸಿ ಬಣ್ಣ ನೋಡುವುದು. ಹಳೆಯದರ ಜೊತೆ ಹೊಸ ಸೆಲ್ಲು ಬೆರೆಸಿದರೆ ಸೋತ ಸೆಲ್ಲು ಹೊಸದರ ಶಕ್ತಿಗೂ ಅಡ್ಡಿಯಾಗುತ್ತದೆ. ಬೆಳಕಿನ ನಡುವೆ ಕಪ್ಪು ಕಲೆ ಕಂಡರೆ ಬಲ್ಬು ಕನ್ನಡಿಯ ನಾಭಿಯಿಂದ ಸರಿದಿದೆ ಎಂದು ಅರ್ಥ. ತಲೆಯನ್ನು ತಿರುಗಿಸಿ ಸರಿಮಾಡಬೇಕು. ಬೆಳಕಿನ ಸುತ್ತ ಮಂಜಿನ ಬಳೆ ಕಂಡರೆ ಗಾಜಿನ ಮೇಲೆ ಇಬ್ಬನಿ ಕೂತಿದೆ. ಮಲೆನಾಡಿನ ಕೇಪಿನ ಕೋವಿಯಲ್ಲಿ ಇನ್ನೊಂದು ತೊಡಕು: ಕರಿಮದ್ದಿನ ಹೊಗೆ ಬೆಳಕಿಗೆ ಸಿಕ್ಕಿ ಎದುರಿಗೆ ಬಿಳಿ ಗೋಡೆಯೇ ನಿಲ್ಲುತ್ತದೆ.

ಇಷ್ಟೆಲ್ಲ ಅಂದವಾಗಿ ಹೊಂದಿದ ಮೇಲೂ ಈ ಸಾಧನದಲ್ಲಿ ಒಂದು ಮೂಲ ದೋಷ ಉಳಿಯುತ್ತದೆ. ಬೆಳಕು ಎತ್ತ ಹೋಗುತ್ತದೋ ನಳಿಗೆಯೂ ಅತ್ತಲೇ. ಅಂದರೆ ನೋಡಬೇಕಾದರೆ ಗುರಿಯಿಡಲೇಬೇಕು. ಪೊದೆಯಲ್ಲಿ ಏನಿದೆ ಎಂದು ತಿಳಿಯುವ ಮೊದಲೇ ಬಂದೂಕು ಅದರ ಎದೆಗೆ ನಿಂತಿರುತ್ತದೆ. ಬಲ್ಲವರು ಇದಕ್ಕಾಗಿಯೇ ನೋಡುವ ಬೆಳಕನ್ನು ಬೇರೆಯೇ ಇಟ್ಟುಕೊಂಡಿದ್ದರು. ಹುಡುಕಲು ಕೈಯ ಟಾರ್ಚು ಅಥವಾ ಹಣೆಯ ದೀಪ. ಬಂದೂಕಿನ ದೀಪ ಏನೆಂದು ಗುರುತಾದ ಮೇಲಷ್ಟೇ. ಈ ಕಸುಬಿನಲ್ಲಿ ನಾನು ಅತ್ಯಂತ ಗೌರವಿಸುವುದು ಈ ಒಂದು ಶಿಸ್ತನ್ನು.

ಕಣ್ಣು ಹೊಳೆದರೆ ಪ್ರಾಣಿ ಎಂಬ ನಂಬಿಕೆ ಇನ್ನೂ ಅಪಾಯದ್ದು. ಜಿಂಕೆ, ಚಿರತೆ, ನಾಯಿ, ಆಡು, ಎತ್ತು ಇವುಗಳ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಮರಳಿಸುವ ಪೊರೆ ಇದೆ; ನೆಲದ ಮೇಲಿನ ಜೇಡದ ಕಣ್ಣು ಕೂಡ ಮಿಂಚುತ್ತದೆ. ಹಂದಿಗೆ ಆ ಪೊರೆ ಇಲ್ಲ. ಮನುಷ್ಯನಿಗೂ ಇಲ್ಲ. ಹೊಳೆಯದ ಕಣ್ಣು, ಬಗ್ಗಿದ ಕಪ್ಪು ಮೈ ಕಂಡಾಗ ಅದು ಹಂದಿಯೂ ಇರಬಹುದು, ಕಂಬಳಿ ಹೊದ್ದು ಕೂತ ಮನುಷ್ಯನೂ ಇರಬಹುದು. ಹಂದಿಯೆಂದು ತಿಳಿದು ಜೊತೆಗಾರನಿಗೇ ಗುಂಡು ಹೊಡೆದ ಸುದ್ದಿಗಳು ಕೊಡಗು, ಮಲೆನಾಡುಗಳಿಂದ ಇಂದಿಗೂ ಬರುತ್ತಿರುತ್ತವೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯ ಕಾಲವನ್ನು ಮುಗಿಸಿತು. ಆಗಬೇಕಾದದ್ದೇ ಆಯಿತು. ಈಗ ನರಭಕ್ಷಕವೆಂದೋ ಬೆಳೆ ಹಾಳುಮಾಡುತ್ತದೆಂದೋ ಪ್ರಾಣಿಯನ್ನು ಕೊಲ್ಲಬೇಕಾದರೆ ಆ ಕಾಯ್ದೆಯ 11ನೆಯ ಕಲಮಿನಂತೆ ಅಧಿಕಾರವುಳ್ಳವರ ಲಿಖಿತ ಆದೇಶ ಬೇಕು. ಬಂದೂಕಿನ ಟಾರ್ಚಿನ ಕಸುಬಿಗೆ ಊರವರ ಕೈಯಲ್ಲಿ ಇನ್ನು ಕೆಲಸವಿಲ್ಲ.

ಟಾರ್ಚಿಗೆ ಮಾತ್ರ ಇದೆ. ಮಹಾರಾಷ್ಟ್ರದ ಜತ್ತ ತಾಲೂಕಿನ ಪೂರ್ವಕ್ಕೆ, ವಿಜಯಪುರ ಜಿಲ್ಲೆಯ ಗಡಿಗೆ ಹತ್ತಿರದ ಕರಜಗಿಯಂಥ ಕನ್ನಡದ ಊರುಗಳಲ್ಲಿ ಮಳೆ ಕಡಿಮೆ, ಬಾವಿ ಬೋರುಗಳ ನೀರೇ ಆಧಾರ. ಪಂಪಿನ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ ರೈತ ರಾತ್ರಿಯೇ ಹೊಲಕ್ಕೆ ಹೋಗಬೇಕು. ಗೋವಿನಜೋಳ, ಶೇಂಗಾ ಇದ್ದ ಕಡೆ ಹಂದಿ ಕಾಯಲೂ ಹೋಗಬೇಕು. ಮೇಲೆ ಹೇಳಿದ ಸ್ಪ್ರಿಂಗು, ಹಸಿರುಗಟ್ಟಿದ ಹಿತ್ತಾಳೆ, ಮೋಸದ ಸೆಲ್ಲು ಎಲ್ಲವೂ ಅವರ ದೀಪಕ್ಕೂ ಅನ್ವಯಿಸುತ್ತವೆ. ಜೊತೆಗೆ ಒಂದು ಮಾತು. ಹಣೆಗೆ ಕಟ್ಟಿದ ಬ್ಯಾಟರಿ ಎರಡೂ ಕೈ ಬಿಡುವು ಮಾಡಿಕೊಡುತ್ತದೆ, ಪೈಪು ಜೋಡಿಸಲು, ಮಡೆ ತಿರುವಲು ಅದೇ ಸರಿ. ಆದರೆ ಕಣ್ಣಿನ ಪಕ್ಕದಿಂದಲೇ ಹೊರಟ ಬೆಳಕಿನಲ್ಲಿ ನೆರಳು ಕಾಣುವುದಿಲ್ಲ. ನೆರಳಿಲ್ಲದೆ ನೆಲದ ಉಬ್ಬುತಗ್ಗು ತಿಳಿಯುವುದಿಲ್ಲ, ಮಣ್ಣಿನ ಬಣ್ಣದ ಕೊಳಕುಮಂಡಲ ಮಣ್ಣಿನಲ್ಲೇ ಬೆರೆತುಹೋಗುತ್ತದೆ. ಬದುವಿನ ಮೇಲೆ ನಡೆಯುವಾಗ ಕೈಯಲ್ಲೊಂದು ಟಾರ್ಚು ಇರಲಿ, ಮೊಣಕಾಲಿನ ಎತ್ತರದಲ್ಲಿ ಮುಂದಕ್ಕೆ ಓರೆಯಾಗಿ ಹಿಡಿಯಿರಿ, ಕಾಲು ಮುಚ್ಚುವ ಬೂಟು ಹಾಕಿಕೊಳ್ಳಿ. ಹಂದಿಯ ಕಾಟ ಮಿತಿಮೀರಿದರೆ ಅರಣ್ಯ ಇಲಾಖೆಗೆ ಅರ್ಜಿ ಕೊಡಿ. ದೀಪ ಹಿಡಿದ ಕೈಗೆ ಬಂದೂಕು ಬೇಡ.