ಸುಮ್ಮನೆ ಕೂತ ಮಗಳ ಗಮನ ಎಲ್ಲಿದೆ?

ಒಂದು ಕಡೆ ಕೂರದ, ಪಾಠದ ನಡುವೆ ಎದ್ದು ಓಡುವ ಹುಡುಗನ ಬಗ್ಗೆ ಶಾಲೆಯಿಂದಲೂ ಮದ್ರಸಾದಿಂದಲೂ ದೂರು ಬರುತ್ತದೆ. ಆದರೆ ಸದ್ದಿಲ್ಲದೆ ಕಿಟಕಿ ನೋಡುತ್ತ ಕೂರುವ, ಕುರ್‌ಆನ್ ಓದುವಾಗ ಪದೇ ಪದೇ ಸಾಲು ತಪ್ಪುವ, ಅಂಗಡಿಗೆ ಕಳಿಸಿದರೆ ಹೇಳಿದ್ದರಲ್ಲಿ ಅರ್ಧ ಮರೆತು ಬರುವ ಹುಡುಗಿಯ ಬಗ್ಗೆ ಯಾರೂ ದೂರುವುದಿಲ್ಲ. ‘ಸೋಮಾರಿ’, ‘ದಡ್ಡಿ’ ಎಂದು ಮಾತು ಮುಗಿಸುತ್ತೇವೆ. ಇಬ್ಬರಿಗೂ ಇರುವುದು ಒಂದೇ ತೊಂದರೆಯಾಗಿರಬಹುದು: ಗಮನದ ಕೊರತೆ ಮತ್ತು ಅತಿ ಚಟುವಟಿಕೆ, ಅಂದರೆ ಎಡಿಎಚ್‌ಡಿ.

ಹೆಣ್ಣು, ಗಂಡು ಮಕ್ಕಳ ಮೆದುಳು ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಅಮೆರಿಕದಲ್ಲಿ 2007ರಲ್ಲಿ ಪ್ರಕಟವಾದ ಸ್ಕ್ಯಾನ್ ಅಧ್ಯಯನವೊಂದರಲ್ಲಿ ಮೆದುಳಿನ ಗಾತ್ರ ಹುಡುಗಿಯರಲ್ಲಿ ಸುಮಾರು 10.5, ಹುಡುಗರಲ್ಲಿ 14.5 ವರ್ಷಕ್ಕೆ ಗರಿಷ್ಠ ಮಟ್ಟ ಮುಟ್ಟಿತ್ತು. ಇದು ಬುದ್ಧಿಯ ಹೆಚ್ಚು-ಕಡಿಮೆಯ ಲೆಕ್ಕವಲ್ಲ. ಅದೇ ವರ್ಷದ ಇನ್ನೊಂದು ಅಧ್ಯಯನ, ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಮೆದುಳಿನ ಹೊರಪದರ ಬಲಿಯುವುದು ಸರಾಸರಿ 3 ವರ್ಷ ತಡ ಎಂದು ತೋರಿಸಿತು. ಮಗು ಬೇಕೆಂದೇ ಹಾಗೆ ಮಾಡುತ್ತಿಲ್ಲ. ಬೆತ್ತದಿಂದ ಇದು ವಾಸಿಯಾಗದು.

ಈ ತೊಂದರೆ ಹುಡುಗರಲ್ಲೇ ಹೆಚ್ಚು ಪತ್ತೆಯಾಗುತ್ತದೆ. ಹುಡುಗಿಯರಲ್ಲಿ ಓಡಾಟಕ್ಕಿಂತ ಮರೆವು, ಕನಸುಗಣ್ಣು ಮುಖ್ಯವಾದ್ದರಿಂದ ಅನೇಕರು ಕಣ್ಣಿಗೆ ಬೀಳುವುದೇ ಇಲ್ಲ. ‘ಇವಳಿಗೆ ಓದು ಹತ್ತುವುದಿಲ್ಲ’ ಎಂದು ಶಾಲೆ ಬಿಡಿಸಿದರೆ ಆಕೆಯ ಬಾಳಿನ ದಾರಿಯೇ ಮುಚ್ಚಿಹೋಗುತ್ತದೆ.

ಯಾವಾಗ ಸಂಶಯಪಡಬೇಕು? ಲಕ್ಷಣಗಳು 12 ವರ್ಷದೊಳಗೆ ಶುರುವಾಗಿ, 6 ತಿಂಗಳಾದರೂ ಉಳಿದು, ಮನೆ-ಶಾಲೆ ಎರಡೂ ಕಡೆ ಕಾಣಿಸಿದರೆ. ಮೊದಲು ಕಣ್ಣು, ಕಿವಿ, ರಕ್ತಹೀನತೆ, ಥೈರಾಯ್ಡ್ ಪರೀಕ್ಷೆ ಮಾಡಿಸಿ.

ಆಮೇಲೆ ಮನೋವೈದ್ಯರಿಗೆ ತೋರಿಸಿ. ನಮ್ಮ ಅವಳಿ ನಗರದವರಿಗೆ ದೂರವೇನಿಲ್ಲ: ಧಾರವಾಡದ ಡಿಮ್ಹಾನ್ಸ್ ಸರ್ಕಾರಿ ಸಂಸ್ಥೆ; ಹುಬ್ಬಳ್ಳಿಯಲ್ಲಿ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಇದೆ. ‘ಹುಚ್ಚರ ಆಸ್ಪತ್ರೆಗೆ ಹೋದಳೆಂದು ತಿಳಿದರೆ ನಾಳೆ ಸಂಬಂಧ ಕೂಡಿಬರುವುದಿಲ್ಲ’ ಎಂಬ ಭಯ ಬಿಡಿ. ಟೆಲಿಮಾನಸ್ 14416ಕ್ಕೆ ಕರೆ ಮಾಡಿ ಉಚಿತವಾಗಿ ಸಲಹೆ ಕೇಳಬಹುದು. ದುಆ ಮಾಡಿ, ತಾವೀಜು ಕಟ್ಟಿಸಿ ಸುಮ್ಮನಾಗಬೇಡಿ. ಚಿಕಿತ್ಸೆ ಪಡೆಯುವುದೂ ಸುನ್ನತ್ತೇ.

ನಿದ್ದೆ-ಎಚ್ಚರದ ಹದವನ್ನು ಯುನಾನಿ ವೈದ್ಯವು ಆರೋಗ್ಯದ 6 ಮೂಲ ಅಗತ್ಯಗಳಲ್ಲಿ ಒಂದೆಂದು ಎಣಿಸುತ್ತದೆ. ರಾತ್ರಿ ಮೊಬೈಲ್ ದೂರವಿಡಿ, ಹೊತ್ತಿಗೆ ಮಲಗಿಸಿ. ಒಮ್ಮೆಗೆ ಒಂದೇ ಕೆಲಸ ಹೇಳಿ. ತರಗತಿಯಲ್ಲಿ ಮುಂದಿನ ಸಾಲಿನಲ್ಲಿ ಕೂರಿಸಲು ಕೇಳಿಕೊಳ್ಳಿ. ಆದರೆ ಇವು ನೆರವು ಮಾತ್ರ. ಮನೋವೈದ್ಯರು ಕೊಟ್ಟ ಮಾತ್ರೆಯನ್ನು ಯಾವ ಖಮೀರಾ, ಮಾಜೂನ್ ನಂಬಿಯೂ ನಿಲ್ಲಿಸಬೇಡಿ.

ಇಂದು ಸಂಜೆ ಮಗಳ ಪುಸ್ತಕ ತೆರೆದು ನೋಡಿ. ಬೈಯಬೇಡಿ, ಓದಲು ಕೂತಾಗ ಏನಾಗುತ್ತದೆ ಎಂದು ಅವಳನ್ನೇ ಕೇಳಿ.